ಬಂದರಿನ ಹಿಂದಿನ ಒಪ್ಪಂದ ಹುಡುಕಲು ಅಂಕ್ಟಾಡ್ ಜಾಲತಾಣ: ಎಷ್ಟು ನಂಬಬಹುದು, ಎಲ್ಲಿ ಕೈಕೊಡುತ್ತದೆ

ಉತ್ತರ ಕನ್ನಡದ ಬಂದರು ಯೋಜನೆಗಳಲ್ಲಿ ಅಂಕೋಲೆಯ ಕೇಣಿ ಇರಲಿ, ಹೊನ್ನಾವರದ ಕಾಸರಕೋಡ ಟೊಂಕ ಇರಲಿ, ಕಾರವಾರ ಬಂದರಿನ ಎರಡನೇ ಹಂತ ಇರಲಿ, ಇಲ್ಲಿ ಏಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ನಾಡದೋಣಿ ಎಲ್ಲಿ ನಿಲ್ಲಿಸುವುದು? ಕಲ್ಲಿದ್ದಲ ಧೂಳು ಯಾರ ಅಂಗಳಕ್ಕೆ? ಅಲೆತಡೆಗೋಡೆ ಕಟ್ಟಿದರೆ ಪಕ್ಕದ ದಂಡೆ ಎಷ್ಟು ಕೊರೆಯುತ್ತದೆ? ಈ ಪ್ರಶ್ನೆಗಳ ಜೊತೆ ಇನ್ನೊಂದೂ ಇರಬೇಕು, ಅದು ಕೇಳಿಬರುವುದು ಕಡಿಮೆ. ಇವತ್ತು ಅನುಮತಿ ಕೊಟ್ಟ ಸರ್ಕಾರ ನಾಳೆ ಜನರ ಒತ್ತಾಯಕ್ಕೋ ಕೋರ್ಟಿನ ಆದೇಶಕ್ಕೋ ತಲೆಬಾಗಿ ಹಿಂದೆ ಸರಿದರೆ, ಪರಿಹಾರ ಕೊಡಿ ಎಂದು ಬರುವವರು ಯಾರು, ಯಾವ ಕಾಗದ ಹಿಡಿದು ಬರುತ್ತಾರೆ?

ಆ ಕಾಗದ ಹುಡುಕಲು ಇರುವ ಉಚಿತ ಸಾಧನಗಳಲ್ಲಿ ದೊಡ್ಡದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆಯಾದ ಅಂಕ್ಟಾಡ್ ನಡೆಸುವ ‘ಇನ್ವೆಸ್ಟ್‌ಮೆಂಟ್ ಪಾಲಿಸಿ ಹಬ್’. ಲಾಗಿನ್ ಬೇಡ, ದುಡ್ಡು ಬೇಡ. ನಮಗೆ ಬೇಕಾದ ಭಾಗ ಅದರಲ್ಲಿ ಎರಡೇ: ದೇಶದೇಶಗಳ ನಡುವಿನ ಹೂಡಿಕೆ ಒಪ್ಪಂದಗಳ ಪಟ್ಟಿ, ಮತ್ತು ಆ ಒಪ್ಪಂದಗಳನ್ನು ಹಿಡಿದು ಕಂಪನಿಗಳು ಸರ್ಕಾರಗಳ ಮೇಲೆ ಹಾಕಿದ ದಾವೆಗಳ ಪಟ್ಟಿ. ಮೊದಲನೆಯದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಎರಡನೆಯದಕ್ಕೆ ಮೂರು, ಅದೂ ಮನಸ್ಸು ದೊಡ್ಡದು ಮಾಡಿ. ಅರ್ಧ ಓದಿ ಎದ್ದರೆ ಎರಡೂ ದಾರಿ ತಪ್ಪಿಸುತ್ತವೆ. ಅದಕ್ಕೇ ಈ ವಿಮರ್ಶೆ ಸ್ವಲ್ಪ ಉದ್ದ.

ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದಿಷ್ಟು. ಎರಡು ದೇಶಗಳು ಪರಸ್ಪರರ ಹೂಡಿಕೆದಾರರನ್ನು ಕಾಪಾಡುತ್ತೇವೆ ಎಂದು ಬರೆದುಕೊಳ್ಳುವ ಪತ್ರಕ್ಕೆ ದ್ವಿಪಕ್ಷೀಯ ಹೂಡಿಕೆ ಒಪ್ಪಂದ, ಚಾಲ್ತಿಯಲ್ಲಿ ಬಿಐಟಿ, ಎನ್ನುತ್ತಾರೆ. ಮೊದಲನೆಯದು 1959ರಲ್ಲಿ ಜರ್ಮನಿ ಮತ್ತು ಪಾಕಿಸ್ತಾನದ ನಡುವೆ ಆಯಿತು. ಭಾರತ 1994ರಲ್ಲಿ ಬ್ರಿಟನ್ ಜೊತೆ ಶುರು ಮಾಡಿ ಎಂಬತ್ತಕ್ಕೂ ಹೆಚ್ಚು ಒಪ್ಪಂದಕ್ಕೆ ಸಹಿ ಹಾಕಿತು. ಇವುಗಳ ಹಲ್ಲು ಇರುವುದು ಒಂದೇ ಕಲಮಿನಲ್ಲಿ: ವಿದೇಶಿ ಹೂಡಿಕೆದಾರ ನಮ್ಮ ಕೋರ್ಟನ್ನು ಬದಿಗಿಟ್ಟು ಮೂವರು ಖಾಸಗಿ ಮಧ್ಯಸ್ಥಗಾರರ ಮುಂದೆ ನೇರವಾಗಿ ಭಾರತ ಸರ್ಕಾರವನ್ನೇ ನಿಲ್ಲಿಸಬಹುದು. ಒಬ್ಬರನ್ನು ಕಂಪನಿ ಆರಿಸುತ್ತದೆ, ಒಬ್ಬರನ್ನು ಸರ್ಕಾರ ಆರಿಸುತ್ತದೆ, ಮೂರನೆಯವರು ಅಧ್ಯಕ್ಷರು. ತೀರ್ಪು ಸರಿಯೋ ತಪ್ಪೋ ಎಂಬ ಮೇಲ್ಮನವಿ ಇಲ್ಲ, ಮಂಡಳಿ ನಡೆದುಕೊಂಡ ಕ್ರಮದಲ್ಲಿ ದೋಷವಿದ್ದಂಥ ಕೆಲವೇ ಕಾರಣಕ್ಕೆ ರದ್ದು ಕೇಳಬಹುದು. ದಾವೆ ಹಾಕುವ ಹಕ್ಕು ವಿದೇಶಿ ಹೂಡಿಕೆದಾರನಿಗೆ ಮಾತ್ರ. ಅದೇ ಯೋಜನೆಯಿಂದ ದಂಡೆ ಕಳೆದುಕೊಂಡ ಊರು ಆ ಕೋಣೆಯಲ್ಲಿ ಕಕ್ಷಿದಾರನಲ್ಲ. ಅಂಥ ಊರಿನವರು ಲಿಖಿತ ಅಭಿಪ್ರಾಯ ಕೊಡಲು ಅನುಮತಿ ಕೇಳಬಹುದು, ಕೊಡುವುದು ಬಿಡುವುದು ಆ ಮೂವರ ಮಂಡಳಿಯ ಮರ್ಜಿ.

ಆ ಕೋಣೆಯಲ್ಲಿ ಗ್ರಾಮ ಪಂಚಾಯ್ತಿ, ಜಿಲ್ಲಾಧಿಕಾರಿ, ಮಾಲಿನ್ಯ ನಿಯಂತ್ರಣ ಮಂಡಳಿ, ರಾಜ್ಯ ಸರ್ಕಾರ, ಹೈಕೋರ್ಟ್ ಎಂಬ ಬೇರೆ ಬೇರೆ ಮುಖಗಳಿಲ್ಲ. ಯಾರು ಏನು ಮಾಡಿದರೂ ಮಾಡಿದ್ದು ‘ಭಾರತ’. ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಕಂಪನಿ 2011ರಲ್ಲಿ ಭಾರತದ ವಿರುದ್ಧ ಗೆದ್ದದ್ದು ನಮ್ಮ ಕೋರ್ಟುಗಳು ಒಂಬತ್ತು ವರ್ಷ ತೀರ್ಮಾನ ಕೊಡಲಿಲ್ಲ ಎಂಬ ಕಾರಣಕ್ಕೆ. ಜಪಾನಿನ ನಿಸಾನ್ ಭಾರತದ ಮೇಲೆ ದಾವೆ ಹೂಡಿದ್ದು ತಮಿಳುನಾಡು ಸರ್ಕಾರ ಕೊಡಬೇಕಿದ್ದ ಪ್ರೋತ್ಸಾಹಧನ ಬಾಕಿ ಉಳಿಯಿತೆಂದು. ಕಾರವಾರ, ಬೇಲೆಕೇರಿ, ಹೊನ್ನಾವರದಂಥ ಬಂದರುಗಳು ಕೇಂದ್ರದ ‘ಪ್ರಮುಖ ಬಂದರು’ ಪಟ್ಟಿಯಲ್ಲಿಲ್ಲ, ಅವುಗಳ ಉಸ್ತುವಾರಿ ರಾಜ್ಯದ್ದು. ಕರಾರಿಗೆ ಸಹಿ ಹಾಕುವುದು ಬೆಂಗಳೂರು, ಮೊಕದ್ದಮೆ ಬಂದರೆ ಕಟಕಟೆಗೆ ಹತ್ತುವುದು ದೆಹಲಿ.

ಈಗ ಜಾಲತಾಣಕ್ಕೆ ಬರೋಣ.

ಒಪ್ಪಂದದ ಪಟ್ಟಿ: ‘ಟರ್ಮಿನೇಟೆಡ್’ ಎಂದು ಕಂಡಾಕ್ಷಣ ಮುಚ್ಚಬೇಡಿ

ಒಪ್ಪಂದಗಳ ವಿಭಾಗದಲ್ಲಿ ದೇಶವಾರು ಪಟ್ಟಿ ತೆರೆದು ಇಂಡಿಯಾ ಆರಿಸಿದರೆ ಸಾಲುಸಾಲಾಗಿ ಒಪ್ಪಂದಗಳು ಬರುತ್ತವೆ. ಒಂದೊಂದು ಸಾಲಿನಲ್ಲೂ ಎದುರು ದೇಶ, ಈಗಿನ ಸ್ಥಿತಿ, ಸಹಿಯಾದ ದಿನ, ಜಾರಿಗೆ ಬಂದ ದಿನ, ರದ್ದಾದ ದಿನ, ಕೊನೆಗೆ ಪಠ್ಯದ ಪಿಡಿಎಫ್. ಇಷ್ಟು ಮಾಹಿತಿ ಒಂದೇ ಕಡೆ, ಒಂದೇ ಅಚ್ಚಿನಲ್ಲಿ ಸಿಗುವುದು ದೊಡ್ಡ ಅನುಕೂಲ. ದೆಹಲಿಯ ಸಚಿವಾಲಯಗಳ ಪುಟ ಜಾಲಾಡಿದವರಿಗೆ ಇದರ ಬೆಲೆ ಗೊತ್ತು.

ಆದರೆ ಭಾರತದ ಸಾಲುಗಳಲ್ಲಿ ಬಹುಪಾಲಿಗೆ ಸ್ಥಿತಿ ‘ಟರ್ಮಿನೇಟೆಡ್’ ಎಂದೇ ಇದೆ. ವೈಟ್ ತೀರ್ಪಿನ ಬಿಸಿ ತಾಗಿದ ಮೇಲೆ, ತೆರಿಗೆಯ ಮೇಲಿನ ವೊಡಾಫೋನ್, ಕೇರ್ನ್ ದಾವೆಗಳು, ತರಂಗಾಂತರದ ಮೇಲಿನ ದೇವಾಸ್ ದಾವೆಗಳು ಸಾಲುಗಟ್ಟಿದ ಮೇಲೆ, ಕೇಂದ್ರ 2015ರಲ್ಲಿ ಹೊಸ ಮಾದರಿ ಒಪ್ಪಂದ ಒಪ್ಪಿಕೊಂಡು 2016ರಿಂದ ಹಳೆಯವನ್ನು ಒಂದೊಂದಾಗಿ ಕಿತ್ತುಹಾಕಿತು. ಹೊಸಬರು ‘ಸದ್ಯ, ಪೀಡೆ ಹೋಯಿತು’ ಎಂದು ಕಿಟಕಿ ಮುಚ್ಚುವುದು ಇಲ್ಲೇ. ಹೋಗಿಲ್ಲ. ಈ ಒಪ್ಪಂದಗಳ ಕೊನೆಯ ಕಲಮು ತೆಗೆದು ನೋಡಿ: ಒಪ್ಪಂದ ಕೊನೆಗೊಂಡರೂ ಅದಕ್ಕೆ ಮೊದಲೇ ಮಾಡಿದ ಹೂಡಿಕೆಗೆ ಇನ್ನೂ 10 ಅಥವಾ 15 ವರ್ಷ ರಕ್ಷಣೆ ಮುಂದುವರಿಯುತ್ತದೆ ಎಂದು ಬರೆದಿರುತ್ತದೆ. ಬ್ರಿಟನ್ ಒಪ್ಪಂದ ರದ್ದಾದದ್ದು 2017ರ ಮಾರ್ಚ್‌ನಲ್ಲಿ, ಹೀಗೆ ಮುಂದುವರಿಯುವ ಬಾಲದ ಅವಧಿ 15 ವರ್ಷ. 2017ಕ್ಕೆ ಮುಂಚೆ ಹಣ ಹಾಕಿದ ಬ್ರಿಟಿಷ್ ಷೇರುದಾರನ ಪಾಲಿಗೆ ಅದು 2032ರವರೆಗೂ ಜೀವಂತ.

ಈ ಬಾಲ ಎಷ್ಟು ಬಲವಾಗಿ ಬಡಿಯಬಲ್ಲದು ಎಂಬುದಕ್ಕೆ ಇಟಲಿಯ ಕರಾವಳಿ ಉದಾಹರಣೆ. ಆಡ್ರಿಯಾಟಿಕ್ ದಂಡೆಯ ಜನ ತೈಲಬಾವಿ ಬೇಡವೆಂದು ಹೋರಾಡಿದರು. ದಡದಿಂದ 12 ನಾಟಿಕಲ್ ಮೈಲಿ ಒಳಗೆ ಹೊಸ ಕೊರೆತ ಬೇಡ ಎಂದು ಪಾರ್ಲಿಮೆಂಟು ಕಾನೂನು ಮಾಡಿತು. ಇಟಲಿ 2016ರ ಆರಂಭದಲ್ಲೇ, ಇಂಧನ ಹೂಡಿಕೆ ಕಾಪಾಡಲು ಹಲವು ದೇಶಗಳು ಸೇರಿ ಮಾಡಿಕೊಂಡ ‘ಇಂಧನ ಸನ್ನದು’ ಒಪ್ಪಂದದಿಂದ ಹೊರಬಂದಿತ್ತು. ಆದರೂ ಅದರ 20 ವರ್ಷದ ಬಾಲ ಹಿಡಿದು ರಾಕ್‌ಹಾಪರ್ ಎಂಬ ಬ್ರಿಟಿಷ್ ಕಂಪನಿ 2017ರಲ್ಲಿ ದಾವೆ ಹಾಕಿತು, 2022ರಲ್ಲಿ 19 ಕೋಟಿ ಯೂರೋ ಮತ್ತು ಬಡ್ಡಿಯ ತೀರ್ಪು ಪಡೆಯಿತು. ಆ ತೀರ್ಪು 2025ರ ಜೂನ್‌ನಲ್ಲಿ ರದ್ದಾಯಿತು. ರದ್ದಾದದ್ದು ಕರಾವಳಿಯವರ ವಾದ ಸರಿ ಎಂದಲ್ಲ, ಮಧ್ಯಸ್ಥಗಾರರೊಬ್ಬರು ಹೇಳಬೇಕಾದ ಹಿನ್ನೆಲೆಯನ್ನು ಹೇಳಿರಲಿಲ್ಲ ಎಂದು.

ಹಾಗಾಗಿ ಈ ಪಟ್ಟಿ ಬಳಸುವ ಕ್ರಮ ಇದು. ರದ್ದಾದ ದಿನ ಬರೆದುಕೊಳ್ಳಿ. ಪಿಡಿಎಫ್ ತೆರೆದು ಕೊನೆಯ ಎರಡು ಪುಟಕ್ಕೆ ನೇರವಾಗಿ ಹೋಗಿ ಬಾಲದ ವರ್ಷ ಕೂಡಿಸಿ. ಯೋಜನೆಗೆ ವಿದೇಶಿ ಹಣ ಬಂದ ದಿನ ರದ್ದತಿಗೆ ಮುಂಚೆಯೋ ಆಮೇಲೋ ನೋಡಿ. ಆಮೇಲಾದರೆ ಆ ಒಪ್ಪಂದ ಬಿಟ್ಟುಬಿಡಿ. ಜಾಲತಾಣದ ಪಟ್ಟಿಯಲ್ಲೇ ‘ಬಾಲ ಇಂತಿಷ್ಟು ವರ್ಷ’ ಎಂದು ಒಂದು ಕಾಲಂ ಹಾಕಿದ್ದರೆ ಇಷ್ಟು ಕೆಲಸ ಉಳಿಯುತ್ತಿತ್ತು. ಒಪ್ಪಂದಗಳ ಒಳಾಂಶಗಳನ್ನು ವಿಂಗಡಿಸಿದ ಬೇರೊಂದು ವಿಭಾಗದಲ್ಲಿ ಅದು ಇದೆ, ಆದರೆ ಅಲ್ಲಿಯ ವಿಂಗಡಣೆಯ ಬಹುಪಾಲನ್ನು ಬೇರೆ ಬೇರೆ ವಿಶ್ವವಿದ್ಯಾಲಯಗಳ ಕಾನೂನು ವಿದ್ಯಾರ್ಥಿಗಳು ಮಾಡಿದ್ದು. ದಿಕ್ಕು ತಿಳಿಯಲು ಸಾಕು, ಲಿಖಿತ ಆಕ್ಷೇಪಣೆಗೆ ಹಾಕುವುದಾದರೆ ಮೂಲ ಪಠ್ಯವನ್ನೇ ಓದಿ.

ಇನ್ನೊಂದು ಗುಂಡಿ ಇದಕ್ಕಿಂತ ಆಳ. ಬಿಐಟಿ ಪಟ್ಟಿಯ ಪಕ್ಕದಲ್ಲೇ ‘ಹೂಡಿಕೆ ಅಧ್ಯಾಯವಿರುವ ಒಪ್ಪಂದಗಳು’ ಎಂಬ ಬೇರೆ ಪಟ್ಟಿ ಇದೆ, ಅದನ್ನು ತೆರೆಯದೆ ಹೋಗುವವರೇ ಹೆಚ್ಚು. ಸಿಂಗಪುರ, ಕೊರಿಯಾ, ಜಪಾನ್ ಜೊತೆಗಿನ ವ್ಯಾಪಾರ ಒಪ್ಪಂದಗಳು ಇರುವುದು ಅಲ್ಲಿ, ಅವುಗಳ ಒಳಗೂ ಇದೇ ದಾವೆಯ ಹಕ್ಕು ಅಡಗಿದೆ. ನಿಸಾನ್ ಹಿಡಿದದ್ದು ಬಿಐಟಿಯನ್ನಲ್ಲ, 2011ರಲ್ಲಿ ಜಾರಿಯಾದ ಜಪಾನ್ ವ್ಯಾಪಾರ ಒಪ್ಪಂದವನ್ನು. ಮೊದಲ ಪಟ್ಟಿಯಷ್ಟೇ ನೋಡಿ ‘ಜಪಾನಿನವರಿಗೆ ಯಾವ ದಾರಿಯೂ ಇಲ್ಲ’ ಎಂದು ಬರೆದರೆ ಎದುರಿನ ವಕೀಲರು ನಕ್ಕು ಸುಮ್ಮನಾಗುತ್ತಾರೆ.

ಪಠ್ಯ ಓದುವಾಗ ಎರಡು ಕಲಮಿನ ಮೇಲೆ ಬೆರಳಿಡಿ. ಒಂದು ‘ನ್ಯಾಯಯುತ ಮತ್ತು ಸಮಾನ ನಡವಳಿಕೆ’. ಹಳೆಯ ಒಪ್ಪಂದಗಳಲ್ಲಿ ಇದು ಒಂದೇ ಸಾಲು, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಹೂಡಿಕೆದಾರನ ‘ನಿರೀಕ್ಷೆ’ ಮುರಿದರೂ ಅನ್ಯಾಯ ಎಂದು ಓದುವ ಮಂಡಳಿಗಳು ಹುಟ್ಟಿಕೊಂಡದ್ದು ಆ ಒಂದು ಸಾಲಿನಿಂದ. ಇನ್ನೊಂದು ‘ಅತ್ಯಂತ ಆಪ್ತ ದೇಶ’ ಎಂಬ ಕಲಮು: ಬೇರೆ ದೇಶಕ್ಕೆ ಕೊಟ್ಟದ್ದನ್ನು ನಮಗೂ ಕೊಡಿ ಎನ್ನುವುದು. ವೈಟ್ ಇಂಡಸ್ಟ್ರೀಸ್‌ನ ಕೈಯಲ್ಲಿದ್ದದ್ದು ಆಸ್ಟ್ರೇಲಿಯಾ ಒಪ್ಪಂದ. ಅದರಲ್ಲಿ ಇಲ್ಲದ ‘ಪರಿಣಾಮಕಾರಿ ನ್ಯಾಯ’ದ ಭರವಸೆಯನ್ನು ಅದು ಕುವೈತ್ ಒಪ್ಪಂದದಿಂದ ಎರವಲು ತಂದು ಗೆದ್ದಿತು. 2015ರ ಮಾದರಿಯಲ್ಲಿ ಇವೆರಡನ್ನೂ ಕೈಬಿಡಲಾಗಿದೆ, ಜೊತೆಗೆ ಐದು ವರ್ಷ ದೇಶದೊಳಗಿನ ಕೋರ್ಟುಗಳಲ್ಲಿ ಪ್ರಯತ್ನಿಸಿದ ಮೇಲೆಯೇ ಹೊರಗೆ ಹೋಗಬೇಕು ಎಂಬ ಷರತ್ತು ಸೇರಿದೆ. 2024ರಲ್ಲಿ ಯುಎಇ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಆ ಐದು ವರ್ಷ ಮೂರಕ್ಕೆ ಇಳಿಯಿತು, ಷೇರುಪೇಟೆಯ ಹೂಡಿಕೆಯೂ ರಕ್ಷಣೆಯೊಳಗೆ ಬಂತು. ಮಾದರಿ ಬಿಗಿ, ಸಹಿಯ ಹೊತ್ತಿಗೆ ಸಡಿಲ. ಇಂಥ ಬದಲಾವಣೆ ಪಾರ್ಲಿಮೆಂಟಿನ ಮುಂದೆ ಮತಕ್ಕೆ ಬರುವುದಿಲ್ಲ. ನಮ್ಮಲ್ಲಿ ಒಪ್ಪಂದ ಮಾಡುವುದು ಕಾರ್ಯಾಂಗದ ಅಧಿಕಾರ, ರಾಜ್ಯದ ವಿಧಾನಸಭೆಗಂತೂ ಇದರಲ್ಲಿ ಮಾತೇ ಇಲ್ಲ.

ಕಂಪನಿಯ ಹಿಂದಿನ ಕಂಪನಿ: ಈ ಜಾಲತಾಣದಲ್ಲಿ ಸಿಗದ್ದು

ಯಾವ ದೇಶದ ಒಪ್ಪಂದ ನೋಡಬೇಕು ಎಂದು ತಿಳಿಯಲು ಹಣ ಯಾವ ದೇಶದ ಹೆಸರಲ್ಲಿ ಬಂದಿದೆ ಎಂದು ಗೊತ್ತಿರಬೇಕು, ಅದು ಇಲ್ಲಿಲ್ಲ. ಇದನ್ನು ಜಾಲತಾಣದ ದೋಷ ಎನ್ನಲಾಗದು, ಆದರೆ ಬಳಸುವವರ ಅರ್ಧ ಶ್ರಮ ಹೋಗುವುದು ಇಲ್ಲೇ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿದರೆ ಒಂದು ಕಂಪನಿಯ ಸಾರ್ವಜನಿಕ ದಾಖಲೆಗಳನ್ನು ಮೂರು ಗಂಟೆ ನೋಡಬಹುದು. ಮೂರೇ ಗಂಟೆ, ಆದ್ದರಿಂದ ಮೊದಲೇ ಪಟ್ಟಿ ಮಾಡಿಕೊಂಡು ಕೂರಿ: ವಾರ್ಷಿಕ ವಿವರಪತ್ರದಲ್ಲಿ ಷೇರುದಾರರು, ‘ಬೆನ್-2’ ನಮೂನೆಯಲ್ಲಿ ನಿಜವಾದ ಲಾಭ ಉಣ್ಣುವವರು. ಪೇಟೆಯಲ್ಲಿ ನೋಂದಣಿಯಾದ ಕಂಪನಿಯಾದರೆ ಮೂರು ತಿಂಗಳಿಗೊಮ್ಮೆಯ ಷೇರು ವಿವರ ಷೇರುಪೇಟೆಯ ಜಾಲತಾಣದಲ್ಲಿ ಪುಕ್ಕಟೆ. ಯೋಜನೆಗೆಂದೇ ಹುಟ್ಟುಹಾಕಿದ ಚಿಕ್ಕ ಕಂಪನಿಯಿಂದ ಶುರುಮಾಡಿ ಮೇಲೆ ಮೇಲೆ ಹತ್ತಬೇಕು. ಮೊದಲ ಮೆಟ್ಟಿಲಲ್ಲೇ ‘ಭಾರತೀಯ ಕಂಪನಿ’ ಎಂದು ಕಂಡು ನಿಲ್ಲಿಸಿದರೆ ಕೆಲಸ ಕೆಟ್ಟಂತೆ.

ನಮ್ಮ ಇದೇ ಕರಾವಳಿಯಲ್ಲಿ, ಉತ್ತರಕ್ಕೆ ರತ್ನಾಗಿರಿ ಜಿಲ್ಲೆಯಲ್ಲಿ ದಾಭೋಳ ವಿದ್ಯುತ್ ಸ್ಥಾವರ ಇದೆ. ಅದರಲ್ಲಿ ಹಣ ಹಾಕಿದ್ದ ಎನ್ರಾನ್, ಜಿಇ, ಬೆಕ್ಟೆಲ್ ಮೂರೂ ಅಮೆರಿಕದವು. ಅಮೆರಿಕದ ಜೊತೆ ಭಾರತಕ್ಕೆ ಬಿಐಟಿ ಇಲ್ಲ. ಆದರೆ ಜಿಇ ಮತ್ತು ಬೆಕ್ಟೆಲ್ ಷೇರು ಹಿಡಿದಿದ್ದದ್ದು ಮಾರಿಷಸ್ ಕಂಪನಿಗಳ ಮೂಲಕ, ಮಾರಿಷಸ್ ಜೊತೆ ಒಪ್ಪಂದ ಇತ್ತು. ದಾವೆ ಬಂತು, 2005ರಲ್ಲಿ ಸಂಧಾನದಲ್ಲಿ ಮುಗಿಯಿತು. ಇನ್ನೊಂದು ತುದಿಯ ಉದಾಹರಣೆ ಫಿಲಿಪ್ ಮಾರಿಸ್. ಸಿಗರೇಟು ಪ್ಯಾಕಿನ ಮೇಲೆ ಬಣ್ಣ, ಲಾಂಛನ ಬೇಡ ಎಂದು ಆಸ್ಟ್ರೇಲಿಯಾ ತೀರ್ಮಾನಿಸಿದ ಮೇಲೆ ಅದು ಷೇರುಗಳನ್ನು ಹಾಂಗ್‌ಕಾಂಗ್ ಕಂಪನಿಗೆ ವರ್ಗಾಯಿಸಿ ದಾವೆ ಹಾಕಿತು. ವಿವಾದ ಕಣ್ಣೆದುರು ಇರುವಾಗ ಅಂಗಿ ಬದಲಿಸಿದ್ದು ಒಪ್ಪಂದದ ದುರುಪಯೋಗ ಎಂದು ಮಂಡಳಿ 2015ರಲ್ಲಿ ದಾವೆಯನ್ನೇ ಒಳಗೆ ಬಿಡಲಿಲ್ಲ. ಆದ್ದರಿಂದ ಷೇರು ಕೈಬದಲಾದ ದಿನಾಂಕ ಮುಖ್ಯ. ಊರಿನ ವಿರೋಧ ದಾಖಲಾದ ದಿನ ಅದಕ್ಕೆ ಮೊದಲಿದ್ದರೆ, ಆ ದಾಖಲೆ ಮುಂದೆ ಸರ್ಕಾರದ ವಕೀಲರಿಗೇ ಉಪಯೋಗಕ್ಕೆ ಬಂದೀತು. ಪರಿಸರ ಅನುಮತಿಗೆ ಮುಂಚಿನ ಸಾರ್ವಜನಿಕ ಅಹವಾಲು ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬರುವುದಕ್ಕೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯುವುದಕ್ಕೂ ಇರುವ ವ್ಯತ್ಯಾಸ ಇಷ್ಟು.

ಈ ಕಸರತ್ತು ಎಲ್ಲ ಯೋಜನೆಗೂ ಬೇಡ. ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಸರ್ಕಾರದವು. ಶಿರಸಿ, ಯಲ್ಲಾಪುರದ ಕಡೆ ವಿರೋಧ ಕಟ್ಟಿಕೊಂಡಿರುವ ಬೇಡ್ತಿ–ವರದಾ ನದಿ ಜೋಡಣೆಯೂ ಸರ್ಕಾರಿ ಯೋಜನೆ. ಅಲ್ಲಿ ಬೇಕಾದದ್ದು ಬೇರೆ ಕಾಗದ. ಮೇಲೆ ಹೆಸರಿಸಿದ ಬಂದರುಗಳ ಮೇಲೆ ಇಂಥ ದಾವೆ ಇದೆ ಎಂದೂ ಇಲ್ಲಿ ಹೇಳುತ್ತಿಲ್ಲ. ಖಾಸಗಿ ಹಣ ಬರುವಲ್ಲಿ ಮೊದಲೇ ನೋಡಿಕೊಳ್ಳುವುದು ಹೇಗೆ ಎಂಬುದಷ್ಟೇ ವಿಷಯ.

ದಾವೆಯ ಪಟ್ಟಿ: ಮೂರೇ ಅಂಕ ಏಕೆ

ಜಗತ್ತಿನಲ್ಲಿ ಬಹಿರಂಗವಾಗಿ ಗೊತ್ತಿರುವ ಇಂಥ ದಾವೆಗಳು 1,300 ಮೀರಿವೆ. ದೇಶ, ಕ್ಷೇತ್ರ, ಫಲಿತಾಂಶ, ಕೇಳಿದ ಮೊತ್ತ, ಸಿಕ್ಕ ಮೊತ್ತ, ಮಧ್ಯಸ್ಥಗಾರರ ಹೆಸರು, ಹೇಗೆ ಬೇಕಾದರೂ ಜರಡಿ ಹಿಡಿಯಬಹುದು. ಇಂಡಿಯಾವನ್ನು ‘ಪ್ರತಿವಾದಿ’ ಜಾಗದಲ್ಲಿ ಹಾಕಿದರೆ ನಮ್ಮ ಮೇಲಿನ ದಾವೆಗಳು. ಮೊತ್ತ ಮಿಲಿಯನ್ ಲೆಕ್ಕದಲ್ಲಿ ಇರುತ್ತದೆ: ಒಂದು ಮಿಲಿಯನ್ ಎಂದರೆ 10 ಲಕ್ಷ, ನೂರು ಮಿಲಿಯನ್ ಎಂದರೆ 10 ಕೋಟಿ. ಕರಪತ್ರಗಳಲ್ಲಿ ಸೊನ್ನೆ ತಪ್ಪುವುದು ಈ ಪರಿವರ್ತನೆಯಲ್ಲೇ. ಮೊತ್ತದ ಮೇಲೆ ಬೆಳೆಯುವ ಬಡ್ಡಿ ಬೇರೆ, ಅದನ್ನು ತೀರ್ಪಿನ ಕೊನೆಯ ಪುಟದಲ್ಲಿ ನೋಡಿಕೊಳ್ಳಬೇಕು.

ತೊಂದರೆ ಇರುವುದು ‘ಫಲಿತಾಂಶ’ದ ಕಾಲಂನಲ್ಲಿ. ಹೂಡಿಕೆದಾರ ಗೆದ್ದ, ಸರ್ಕಾರ ಗೆದ್ದಿತು, ರಾಜಿಯಾಯಿತು: ಹೀಗೆ ಒಂದೆರಡು ಪದದಲ್ಲಿ ಮುಗಿಯುತ್ತದೆ. ಪ್ರಜಾಪ್ರಭುತ್ವದ ಮೇಲೆ ಆಗುವ ಪರಿಣಾಮ ಆ ಪದಗಳ ನಡುವಿನ ಸಂದಿಯಲ್ಲಿ ಸೋರಿಹೋಗುತ್ತದೆ.

‘ರಾಜಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಎಲ್ಬೆ ನದಿಯ ದಡಕ್ಕೆ ಕಲ್ಲಿದ್ದಲ ವಿದ್ಯುತ್ ಸ್ಥಾವರ ಕಟ್ಟುತ್ತಿದ್ದ ಸ್ವೀಡನ್ನಿನ ವಾಟನ್‌ಫಾಲ್, ನದಿನೀರು ಬಳಕೆಗೆ ನಗರಾಡಳಿತ ಹಾಕಿದ ಷರತ್ತು ಬಿಗಿಯಾಯಿತೆಂದು 2009ರಲ್ಲಿ 140 ಕೋಟಿ ಯೂರೋ ಕೇಳಿತು. ಮರುವರ್ಷವೇ ರಾಜಿ. ಪಟ್ಟಿಯಲ್ಲಿ ಇಷ್ಟೇ ಕಾಣುವುದು. ಕಾಣದ್ದು: ರಾಜಿಯ ಭಾಗವಾಗಿ ನಗರ ತನ್ನ ನೀರಿನ ಷರತ್ತನ್ನೇ ಸಡಿಲಿಸಿತು. ಹರಿವಿನ ಮೇಲ್ಭಾಗದ ಮೀನುಗಳಿಗೆ ಆಗುವ ಹಾನಿಯನ್ನು ಸರಿಯಾಗಿ ತೂಗದೆ ಅನುಮತಿ ಕೊಟ್ಟದ್ದು ತಪ್ಪು ಎಂದು ಯುರೋಪಿನ ನ್ಯಾಯಾಲಯ 2017ರಲ್ಲಿ ಹೇಳಿತು. ಅಷ್ಟರಲ್ಲಿ ಸ್ಥಾವರ ಓಡಲು ಶುರುವಾಗಿ ಎರಡು ವರ್ಷವಾಗಿತ್ತು. ಅದೇ ‘ರಾಜಿ’ ಎಂಬ ಪದದಡಿ ಬೊಲಿವಿಯಾವೂ ಇದೆ. ಕೊಚಬಂಬಾ ನಗರದ ನೀರು ಪೂರೈಕೆ ಖಾಸಗಿಯವರ ಕೈಗೆ ಹೋಗಿ ದರ ಏರಿದಾಗ 2000ದಲ್ಲಿ ಜನ ಬೀದಿಗಿಳಿದರು, ಗುತ್ತಿಗೆ ಮುರಿಯಿತು, ಬೆಕ್ಟೆಲ್ ಪಾಲಿದ್ದ ಕಂಪನಿ ದಾವೆ ಹಾಕಿತು. ಜಗತ್ತಿನಾದ್ಯಂತ ಛೀಮಾರಿ ಬಿದ್ದ ಮೇಲೆ 2006ರಲ್ಲಿ ಎರಡು ಬೊಲಿವಿಯಾನೋ ನಾಣ್ಯದ ಸಾಂಕೇತಿಕ ಬೆಲೆಗೆ ಅದು ಕೈಬಿಟ್ಟಿತು. ಒಂದರಲ್ಲಿ ಸರ್ಕಾರ ಮಣಿದಿದೆ, ಇನ್ನೊಂದರಲ್ಲಿ ಕಂಪನಿ ಮಣಿದಿದೆ, ಪಟ್ಟಿಯಲ್ಲಿ ಎರಡಕ್ಕೂ ಒಂದೇ ಗುರುತು.

‘ಹೂಡಿಕೆದಾರ ಗೆದ್ದ’ ಎಂಬುದೂ ಹಾಗೆಯೇ. ಕೆನಡಾದ ಬಿಲ್ಕಾನ್ ಪ್ರಕರಣದ ಕಡತವನ್ನು ಈ ಕರಾವಳಿಯವರು ಪೂರ್ತಿ ಓದಬೇಕು. ನೋವಾ ಸ್ಕೋಷಿಯಾದ ಡಿಗ್ಬಿ ನೆಕ್ ಎಂಬ ಚಾಚು ಭೂಮಿ, ಲಾಬ್‌ಸ್ಟರ್ ಹಿಡಿದು ಬದುಕುವ ಊರುಗಳು. ಅಲ್ಲಿ 152 ಹೆಕ್ಟೇರ್ ಕಪ್ಪುಕಲ್ಲಿನ ಕ್ವಾರಿ, ಜಲ್ಲಿ ಸಾಗಿಸಲು ಪಕ್ಕದಲ್ಲೇ ಹಡಗುಕಟ್ಟೆ. ಪರಿಸರ ಪರಿಶೀಲನಾ ಸಮಿತಿ ಸಾರ್ವಜನಿಕ ಸಭೆ ನಡೆಸಿ, ಈ ಯೋಜನೆ ‘ಸಮುದಾಯದ ಮೂಲ ಮೌಲ್ಯ’ಗಳಿಗೆ ಹೊಂದುವುದಿಲ್ಲ ಎಂದು 2007ರಲ್ಲಿ ಬೇಡ ಎಂದಿತು. ಪ್ರಾಂತ, ಕೇಂದ್ರ ಎರಡೂ ಒಪ್ಪಿದವು. ಅಮೆರಿಕದ ಮಾಲೀಕರು ಉತ್ತರ ಅಮೆರಿಕದ ವ್ಯಾಪಾರ ಒಪ್ಪಂದವಾದ ನಾಫ್ತಾದಡಿ ದಾವೆ ಹಾಕಿದರು. 2015ರ ಮಾರ್ಚ್‌ನಲ್ಲಿ ಮೂವರಲ್ಲಿ ಇಬ್ಬರು ಕೆನಡಾ ತಪ್ಪೆಸಗಿದೆ ಎಂದರು.

ಏಕೆ ಎಂಬುದನ್ನು ಗಮನಿಸಿ. ಜನ ವಿರೋಧಿಸಿದ್ದು ತಪ್ಪು ಎಂದಲ್ಲ. ಪ್ರಾಂತದ ಅಧಿಕಾರಿಗಳು, ಮಂತ್ರಿಗಳು ಮೊದಲು ಬನ್ನಿ ಬನ್ನಿ ಎಂದು ಕರೆದಿದ್ದರು. ಆಮೇಲೆ ಸಮಿತಿ ಕಾನೂನಿನಲ್ಲಿ ಇಲ್ಲದ ಅಳತೆಗೋಲು ಹಿಡಿಯಿತು, ಕಾನೂನು ಕೇಳುವ ಕೆಲಸವನ್ನು, ಅಂದರೆ ಒಂದೊಂದು ಹಾನಿಯನ್ನೂ ತಡೆ ಕ್ರಮಗಳ ಸಮೇತ ತೂಗಿ ನೋಡುವುದನ್ನು, ಪೂರ್ತಿ ಮಾಡಲಿಲ್ಲ. ಮಂಡಳಿಯ ಬಹುಮತದ ತಕರಾರು ಅಷ್ಟು. ಮೂರನೆಯವರಾದ ಡೊನಾಲ್ಡ್ ಮೆಕ್‌ರೇ ಭಿನ್ನ ತೀರ್ಪು ಬರೆದು, ಇದು ದೇಶದ ಕೋರ್ಟು ನೋಡಬೇಕಾದ ವಿಷಯ, ಹೀಗಾದರೆ ಮುಂದೆ ಪರಿಶೀಲನಾ ಸಮಿತಿಗಳು ಜನರ ಮಾತಿಗೆ ಬೆಲೆ ಕೊಡಲು ಅಂಜುತ್ತವೆ ಎಂಬ ಅರ್ಥದಲ್ಲಿ ಎಚ್ಚರಿಸಿದರು. 40 ಕೋಟಿ ಡಾಲರಿಗೂ ಹೆಚ್ಚು ಕೇಳಿದ್ದ ಕಂಪನಿಗೆ 2019ರಲ್ಲಿ ಸಿಕ್ಕದ್ದು 70 ಲಕ್ಷ ಡಾಲರ್. ಕ್ವಾರಿ ಆಗಲಿಲ್ಲ.

ನಮ್ಮ ಅಹವಾಲು ಸಭೆಗಳಿಗೆ ಇದರಲ್ಲಿ ನೇರ ಪಾಠ ಇದೆ. ‘ನಮಗೆ ಬಂದರು ಬೇಡ’ ಎಂಬ ಸಾವಿರ ಸಹಿಗಿಂತ, ಕರಡು ಪರಿಸರ ವರದಿಯ ಇಂಥ ಪುಟದಲ್ಲಿ ಬಲೆ ಹಾಕುವ ಜಾಗದ ನಕ್ಷೆಯೇ ಇಲ್ಲ, ಇಂಥ ಪುಟದಲ್ಲಿ ಮಳೆಗಾಲದ ದಂಡೆ ಕೊರೆತದ ಅಳತೆ ತೆಗೆದಿಲ್ಲ ಎಂಬ ನಾಲ್ಕು ಪುಟದ ಆಕ್ಷೇಪಣೆ ಮುಂದೆ ಹೆಚ್ಚು ಗಟ್ಟಿ. ಸಹಿ ಬೇಡವೆಂದಲ್ಲ. ಅನುಮತಿ ನಿರಾಕರಿಸುವ ಅಧಿಕಾರಿಯ ಕೈಗೆ ಕಾನೂನು ಒಪ್ಪುವ ಕಾರಣ ಸಿಗಬೇಕು, ಇಲ್ಲವಾದರೆ ಆ ನಿರಾಕರಣೆ ಹೈಕೋರ್ಟಿನಲ್ಲೂ ನಿಲ್ಲದು, ಇಂಥ ಮಧ್ಯಸ್ಥಿಕೆಗಳು ನಡೆಯುವ ನೆದರ್ಲೆಂಡ್ಸಿನ ಹೇಗ್‌ನಲ್ಲೂ ನಿಲ್ಲದು. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸು ಬರಬೇಕು, ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲೂ ಸ್ಥಳೀಯ ಸಂಸ್ಥೆಗಳಲ್ಲೂ ನೋಡಲು ಸಿಗಬೇಕು. ಆ 30 ದಿನದಲ್ಲಿ ಮಾಡುವ ಕೆಲಸ ಇದು.

ಬಂದರಿನ ಉದಾಹರಣೆಯೇ ಬೇಕೆಂದರೆ ಪಶ್ಚಿಮ ಬಂಗಾಳದ ಹಾಲ್ದಿಯಾ ಇದೆ. ಅಲ್ಲಿ ಸರಕು ಇಳಿಸುವ ಎರಡು ಕಟ್ಟೆಗಳನ್ನು ಯಾಂತ್ರೀಕರಿಸುವ ಗುತ್ತಿಗೆ ಹಿಡಿದ ಕಂಪನಿಯಲ್ಲಿ ಫ್ರಾನ್ಸಿನ ಲೂಯಿ ಡ್ರೇಫಸ್ ಆರ್ಮಾಟರ್‌ಗೆ ಪಾಲಿತ್ತು. ಕಾರ್ಮಿಕರ ಗಲಾಟೆ, ಭದ್ರತೆಯ ತಗಾದೆ ಬೆಳೆದು 2012ರಲ್ಲಿ ಕಂಪನಿ ಜಾಗ ಖಾಲಿ ಮಾಡಿತು. ಫ್ರಾನ್ಸ್ ಒಪ್ಪಂದದಡಿ ದಾವೆ ಬಂತು, 2018ರಲ್ಲಿ ವಜಾ ಆಯಿತು. ಭಾರತ ಗೆದ್ದಿದೆ ಎಂದು ಪಟ್ಟಿ ಹೇಳುತ್ತದೆ, ಸರಿಯೇ. ಆದರೆ ಗೆಲ್ಲುವುದಕ್ಕೂ ದುಡ್ಡು ಬೇಕು. ಒಂದೊಂದು ಪ್ರಕರಣದಲ್ಲಿ ಕಕ್ಷಿದಾರರ ವಕೀಲಿ ಮತ್ತು ಮಂಡಳಿ ಖರ್ಚು ಸರಾಸರಿ 80 ಲಕ್ಷ ಡಾಲರ್ ಮುಟ್ಟುತ್ತದೆ ಎಂದು ಮುಂದುವರಿದ ದೇಶಗಳ ಆರ್ಥಿಕ ಸಂಘಟನೆ ಒಇಸಿಡಿ 2012ರಲ್ಲೇ ಲೆಕ್ಕ ಕೊಟ್ಟಿತ್ತು. ಸೋಲುತ್ತೇವೆಂದಷ್ಟೇ ಅಲ್ಲ, ಈ ಖರ್ಚಿನ ಹೆದರಿಕೆಗೂ ಅಧಿಕಾರಿಗಳು ಹಿಂಜರಿಯಬಹುದು. ಹಾಗೆ ಕೈಬಿಟ್ಟ ಷರತ್ತು, ಹೊರಡಿಸದೆ ಉಳಿದ ಆದೇಶ ಯಾವ ದತ್ತಾಂಶದಲ್ಲೂ ದಾಖಲಾಗುವುದಿಲ್ಲ. ಈ ಜಾಲತಾಣಕ್ಕೆ ಅಂಕ ಕಡಿಮೆ ಕೊಟ್ಟದ್ದಕ್ಕೆ ಇದೂ ಕಾರಣ: ದಾವೆ ಬೆದರಿಕೆಯ ಹಂತದಲ್ಲಿದ್ದಾಗ ಏನಾಯಿತು ಎಂಬ ಕಾಲಂ ಇಲ್ಲ.

ದೇವಾಸ್ ಸಾಲುಗಳನ್ನು ಅಕ್ಕಪಕ್ಕ ತೆರೆದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಇಸ್ರೋದ ವಾಣಿಜ್ಯ ಕಂಪನಿ ಆಂಟ್ರಿಕ್ಸ್ ಜೊತೆ ಬೆಂಗಳೂರಿನ ದೇವಾಸ್ ಮಾಡಿಕೊಂಡ ತರಂಗಾಂತರ ಕರಾರನ್ನು ಕೇಂದ್ರ ಸಂಪುಟ 2011ರಲ್ಲಿ ರದ್ದು ಮಾಡಿತು. ಮಾರಿಷಸ್ ಷೇರುದಾರರು ಒಂದು ಮಂಡಳಿಗೆ ಹೋದರು, ಜರ್ಮನಿಯ ಡಾಯ್ಚ ಟೆಲಿಕಾಂ ಇನ್ನೊಂದಕ್ಕೆ. ಘಟನೆ ಒಂದೇ, ರದ್ದತಿ ಆದೇಶ ಒಂದೇ. ತರಂಗಾಂತರದಲ್ಲಿ ನೂರಕ್ಕೆ 60 ಪಾಲು ದೇಶದ ಭದ್ರತೆಗೆ ಬೇಕಿತ್ತು, ಅಷ್ಟರ ಮಟ್ಟಿಗೆ ಭಾರತ ಸರಿ ಎಂದಿತು ಮೊದಲ ಮಂಡಳಿ. ಎರಡನೆಯದು ಭದ್ರತೆಯ ವಾದವನ್ನೇ ಒಪ್ಪಲಿಲ್ಲ. 2020ರಲ್ಲಿ ಮಾರಿಷಸ್ ಷೇರುದಾರರಿಗೆ 11 ಕೋಟಿ, ಡಾಯ್ಚ ಟೆಲಿಕಾಂಗೆ 9 ಕೋಟಿ ಡಾಲರ್ ಮೀರಿದ ತೀರ್ಪು. ದೇವಾಸ್ ಕಂಪನಿ ಹುಟ್ಟಿದ್ದೇ ವಂಚನೆಗಾಗಿ ಎಂದು ನಮ್ಮ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಅದನ್ನು ಮುಚ್ಚಿಸಿದ ಆದೇಶ ಎತ್ತಿಹಿಡಿಯಿತು. ವಸೂಲಿ ಮೊಕದ್ದಮೆಗಳು ಹೊರದೇಶದ ಕೋರ್ಟುಗಳಲ್ಲಿ ಆಮೇಲೂ ನಡೆದವು. ತೆರಿಗೆ ದಾವೆಯಲ್ಲಿ ಗೆದ್ದಿದ್ದ ಬ್ರಿಟನ್ನಿನ ಕೇರ್ನ್ ವಿಷಯದಲ್ಲಂತೂ ಪ್ಯಾರಿಸಿನಲ್ಲಿರುವ ಭಾರತ ಸರ್ಕಾರದ ಆಸ್ತಿಗಳ ಮೇಲೆ 2021ರಲ್ಲಿ ಜಪ್ತಿ ಬಿತ್ತು, ಮರುತಿಂಗಳೇ ಪಾರ್ಲಿಮೆಂಟು ಪೂರ್ವಾನ್ವಯ ತೆರಿಗೆಯನ್ನು, ಅಂದರೆ ಹಿಂದೆ ಮುಗಿದ ವ್ಯವಹಾರಕ್ಕೂ ಹಾಕುವ ತೆರಿಗೆಯನ್ನು, ಹಿಂತೆಗೆಯಿತು. ಆ ತೆರಿಗೆ ಒಳ್ಳೆಯದಿತ್ತು ಎಂದು ವಾದಿಸುವವರು ಕಡಿಮೆ. ಆದರೆ 2012ರಲ್ಲಿ ಚುನಾಯಿತ ಸದನ ಮಾಡಿದ ಕಾನೂನು ಒಂಬತ್ತು ವರ್ಷ ಇಲ್ಲಿಯ ಟೀಕೆಗೆ ಅಲ್ಲಾಡದೆ, ಹೊರಗಿನ ತೀರ್ಪು ಬಂದ ಎಂಟು ತಿಂಗಳಲ್ಲಿ ಹೋಯಿತು.

ಜೊತೆಗೆ ಇಟ್ಟುಕೊಳ್ಳಬೇಕಾದವು

ತೀರ್ಪಿನ ಪೂರ್ಣ ಪಠ್ಯಕ್ಕೆ ‘ಇಟಾಲಾ’ (italaw) ಉತ್ತಮ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಉಚಿತ ಸಂಗ್ರಹ ಅದು, ಭಿನ್ನ ತೀರ್ಪುಗಳೂ ದಿನಾಂಕವಾರು ಸಿಗುತ್ತವೆ, ಮೆಕ್‌ರೇ ಬರೆದದ್ದನ್ನು ಅಲ್ಲಿಯೇ ಓದಬಹುದು. ವಿಶ್ವಬ್ಯಾಂಕ್ ಬಳಗದ ಹೂಡಿಕೆ ವ್ಯಾಜ್ಯ ಕೇಂದ್ರವಾದ ಇಕ್ಸಿಡ್‌ನ ಜಾಲತಾಣದಲ್ಲಿ ಭಾರತವನ್ನು ಹುಡುಕಿ ದಣಿಯಬೇಡಿ, ನಾವು ಅದರ ಸದಸ್ಯರಲ್ಲ. ನಮ್ಮ ಪ್ರಕರಣಗಳು ಹೆಚ್ಚಾಗಿ ನಡೆಯುವುದು ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗವಾದ ಅನ್‌ಸಿಟ್ರಾಲ್‌ನ ನಿಯಮದಡಿ, ಹಲವಕ್ಕೆ ಹೇಗ್‌ನ ಪಿಸಿಎ, ಅಂದರೆ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯದ ಕಚೇರಿ ಕಡತ ನೋಡಿಕೊಳ್ಳುತ್ತದೆ. ಅದರಿಂದಾಗುವ ನಷ್ಟವೆಂದರೆ ಗೋಪ್ಯತೆ. ಮಂಡಳಿ ಕಲಾಪ ಬಹಿರಂಗವಾಗಿಡುವ ಅನ್‌ಸಿಟ್ರಾಲ್ ನಿಯಮ 2014ರ ಏಪ್ರಿಲ್‌ನಿಂದ ಈಚೆಗಿನ ಒಪ್ಪಂದಗಳಿಗೆ ತಾನಾಗಿ ಅನ್ವಯಿಸುತ್ತದೆ, ನಮ್ಮ ಹಳೆಯವು ಅದರ ಹೊರಗೆ. ಹೀಗಾಗಿ ಅಂಕ್ಟಾಡ್ ಪಟ್ಟಿಯಲ್ಲಿ ಭಾರತದ ಕೆಲವು ಸಾಲುಗಳಿಗೆ ತೀರ್ಪಿನ ಕೊಂಡಿಯೇ ಇರುವುದಿಲ್ಲ. ನಮ್ಮ ತೆರಿಗೆ ಹಣದ ಮೊಕದ್ದಮೆಯ ಕಾಗದ ನಮಗೇ ಸಿಗದ ಪರಿಸ್ಥಿತಿಗೆ ಜಾಲತಾಣವನ್ನು ದೂರಿ ಫಲವಿಲ್ಲ.

ಅಂಕ್ಟಾಡ್ ಜಾಲತಾಣದ ಭಾಷೆ ಇಂಗ್ಲಿಷ್ ಮಾತ್ರ. ಮೊಬೈಲಿನಲ್ಲಿ ತೆರೆದರೆ ಅಗಲದ ಪಟ್ಟಿ ಓದುವುದು ಕಷ್ಟ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಕೂತು ಪಿಡಿಎಫ್‌ಗಳನ್ನು ಇಳಿಸಿಕೊಂಡು ಬರುವುದು ವಾಸಿ. ಹೊಸ ದಾವೆಗಳು ಪಟ್ಟಿಗೆ ಸೇರಲು ತಿಂಗಳುಗಳೇ ಹಿಡಿಯುತ್ತವೆ.

ಒಂದು ಕಾಗದ ಮಾತ್ರ ಈ ಯಾವ ಜಾಲತಾಣದಲ್ಲೂ ಇಲ್ಲ: ರಾಜ್ಯದ ಸಾಗರ ಮಂಡಳಿ ಬಂದರು ಕಂಪನಿಯೊಂದಿಗೆ ಮಾಡಿಕೊಳ್ಳುವ, ಬಂದರು ಕಟ್ಟಿ ನಡೆಸುವ ಹಕ್ಕು ಕೊಡುವ ಕರಾರು (ಕನ್ಸೆಷನ್ ಅಗ್ರಿಮೆಂಟ್). ಅದನ್ನು ಮಾಹಿತಿ ಹಕ್ಕಿನಡಿ ಕೇಳಬೇಕು. ಇಡೀ ಕರಾರು ಕೊಡಿ ಎಂದು ಬರೆದರೆ ವ್ಯಾಪಾರ ರಹಸ್ಯ ಎಂದು ತಿರಸ್ಕರಿಸಲು ದಾರಿ ಸಿಗುತ್ತದೆ. ಅವಧಿ, ‘ಕಾನೂನು ಬದಲಾವಣೆ’ಯಾದರೆ ಯಾರು ಯಾರಿಗೆ ತುಂಬಿಕೊಡಬೇಕು, ಅವಧಿಗೆ ಮುಂಚೆ ರದ್ದಾದರೆ ಪರಿಹಾರ ಲೆಕ್ಕ ಹಾಕುವ ಸೂತ್ರ, ವ್ಯಾಜ್ಯ ತೀರ್ಮಾನಿಸುವ ಸ್ಥಳ, ಈ ನಾಲ್ಕು ಕಲಮುಗಳ ಪ್ರತಿ ಎಂದು ಬಿಡಿಬಿಡಿಯಾಗಿ ಕೇಳಿ. ಉತ್ತರಕ್ಕೆ 30 ದಿನ, ಬಾರದಿದ್ದರೆ ಅಥವಾ ನಿರಾಕರಿಸಿದರೆ ಆಮೇಲಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಹವಾಲು ಸಭೆಯ ನೋಟಿಸು ಬಂದ ಮೇಲೆ ಅರ್ಜಿ ಹಾಕಿದರೆ ಉತ್ತರ ಸಭೆಗೆ ಮುಟ್ಟದು. ಯೋಜನೆಯ ಟೆಂಡರು ಯಾರಿಗೆ ಸಿಕ್ಕಿತು ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ವಾರವೇ ಹಾಕಿ.